ಇಳಿದ ತೂಕ ಮರಳಿ ಏರಿದಾಗ: ಸ್ಲೀವ್ ಶಸ್ತ್ರಚಿಕಿತ್ಸೆಯ ನಾಲ್ಕನೆಯ ವರ್ಷದ ಒಂದು ಪ್ರಶ್ನೆ

ಪ್ರಶ್ನೆ: ನನಗೆ 44 ವರ್ಷ. ಕಲಬುರಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ ಹೈದರಾಬಾದಿನಲ್ಲಿ, ತೂಕ ಇಳಿಸಲೆಂದು ಜಠರವನ್ನು ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಆಗ 118 ಕಿಲೋ ಇದ್ದೆ; ಒಂದೂವರೆ ವರ್ಷದಲ್ಲಿ 76ಕ್ಕೆ ಇಳಿದೆ, ಸಕ್ಕರೆ ಕಾಯಿಲೆಯ ಮಾತ್ರೆಯೂ ನಿಂತಿತು. ಒಂದು ವರ್ಷ ತೂಕ ಅಲ್ಲಿಯೇ ಇತ್ತು. ಕಳೆದ ಒಂದೂವರೆ ವರ್ಷದಲ್ಲಿ 91 ಆಗಿದೆ. ಊಟ ಹೆಚ್ಚಾಗಿಲ್ಲ, ರೊಟ್ಟಿ ಎದೆಯಲ್ಲಿ ಹಿಡಿದಂತಾಗುವುದರಿಂದ ಅದನ್ನು ಬಿಟ್ಟು ಅನ್ನ, ಸುಸಲಾ, ಬಿಸ್ಕತ್ತಿನಂಥ ಮೆತ್ತನೆಯದನ್ನೇ ತಿನ್ನುತ್ತೇನೆ. ನಾವು ಮೊಟ್ಟೆ, ಮಾಂಸ ತಿನ್ನುವವರಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಈಗ 118 ಬಂದಿದೆ. ಮೊಣಕಾಲು ನೋವಿಗೆ ಸಂಬಂಧಿಕರು ತಂದುಕೊಟ್ಟ ಪುಡಿಯನ್ನು ಎಂಟು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ಅದರಿಂದ ಆರಾಮವಿದೆ. ಐದು ದಿನ ಬರೀ ದ್ರವ ಕುಡಿದರೆ ಹಿಗ್ಗಿದ ಹೊಟ್ಟೆ ಮತ್ತೆ ಕುಗ್ಗುತ್ತದೆ ಎಂದು ಮಗ ಫೋನಿನಲ್ಲಿ ನೋಡಿ ಹೇಳುತ್ತಾನೆ. ಹಾಗೆ ಮಾಡಲೇ? ಅಥವಾ ಇನ್ನೊಂದು ಆಪರೇಷನ್ ಬೇಕೇ? ಆಪರೇಷನ್ ಮಾಡಿದ ಡಾಕ್ಟರಿಗೆ ಮುಖ ತೋರಿಸಲು ನಾಚಿಕೆಯಾಗಿ ಎರಡು ವರ್ಷದಿಂದ ಹೋಗಿಲ್ಲ.

ಉತ್ತರ: ಐದು ದಿನದ ದ್ರವಾಹಾರ ಬೇಡ. ಇನ್ನೊಂದು ಶಸ್ತ್ರಚಿಕಿತ್ಸೆಯ ಮಾತು ಈಗಲೇ ಬೇಡ. ಎರಡಕ್ಕೂ ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ನಿಮ್ಮ ಪತ್ರ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಮೊಣಕಾಲಿನ ಪುಡಿಯ ವಿಷಯವನ್ನು ಮುಗಿಸೋಣ.

ಮೇಲೆ ಹೆಸರಿಲ್ಲದ, ಒಳಗೆ ಏನಿದೆ ಎಂದು ಬರೆಯದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಸಂದುನೋವು ಬೇಗನೆ, ಅಚ್ಚರಿಯಾಗುವಷ್ಟು ಚೆನ್ನಾಗಿ ಇಳಿಯಿತು ಎಂದರೆ ಇಂಥ ರೋಗಿಗಳನ್ನು ನೋಡುವ ನಮ್ಮಂಥವರ ಅನುಮಾನ ಮೊದಲು ಅತ್ತ ಹೋಗುತ್ತದೆ. ಸ್ಟೀರಾಯ್ಡ್ ಹಸಿವನ್ನು ಹೆಚ್ಚಿಸುತ್ತದೆ, ಹೊಟ್ಟೆ ಮತ್ತು ಮುಖದ ಸುತ್ತ ಕೊಬ್ಬನ್ನು ಸೇರಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ, ತೊಡೆಯ ಸ್ನಾಯುಗಳನ್ನು ಸೊರಗಿಸುತ್ತದೆ, ಮೂಳೆಯನ್ನು ಟೊಳ್ಳು ಮಾಡುತ್ತದೆ. ಬೇರಿಯಾಟ್ರಿಕ್, ಅಂದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರಲ್ಲಿ ಮೂಳೆ ಮತ್ತು ಸ್ನಾಯುಗಳ ಮೇಲೆ ಮೊದಲೇ ಭಾರವಿರುವುದರಿಂದ ಈ ಹಾನಿ ಇಮ್ಮಡಿಯಾಗುತ್ತದೆ. ತೂಕ ಏರತೊಡಗಿದ್ದು ಪುಡಿಗಿಂತ ಮೊದಲೇ ಎಂಬುದು ನಿಮ್ಮ ಲೆಕ್ಕದಿಂದ ತಿಳಿಯುತ್ತದೆ, ಆದ್ದರಿಂದ ಪೂರ್ತಿ ದೋಷವನ್ನು ಪುಡಿಯ ತಲೆಗೆ ಕಟ್ಟಲಾಗದು. ಆದರೂ ಈ ಎಂಟು ತಿಂಗಳಲ್ಲಿ ಏರಿಕೆ ಚುರುಕಾಯಿತೇ, ಮುಖ ದುಂಡಗಾಗಿದೆಯೇ, ಸಣ್ಣ ಏಟಿಗೂ ಚರ್ಮ ನೀಲಿಗಟ್ಟುತ್ತದೆಯೇ, ನೆಲದಿಂದ ಏಳುವಾಗ ಕೈ ಊರಬೇಕಾಗುತ್ತದೆಯೇ ಎಂದು ನೋಡಿಕೊಳ್ಳಿ. ಇದನ್ನು ಓದಿ ಹೆದರಿ ಪುಡಿಯನ್ನು ಇಂದೇ ಥಟ್ಟನೆ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಮರೆತಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಈ ವಾರವೇ ಪುಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ಕಲಬುರಗಿಯಲ್ಲಿಯೇ ಒಬ್ಬ ಫಿಜಿಶಿಯನ್ ಬಳಿ ಹೋಗಿ. ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲನ್ನು ಅಳೆಯುವ ಬೆಳಗಿನ ಪರೀಕ್ಷೆ ಬೇಕೇ, ಹಂತಹಂತವಾಗಿ ಬಿಡುವುದು ಹೇಗೆ ಎಂಬುದನ್ನು ಅವರು ನಿರ್ಧರಿಸುತ್ತಾರೆ.

ಈಗ ಹೊಟ್ಟೆಯ ಮಾತು. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಒಂದು ಕೊಳವೆಯನ್ನು ಉಳಿಸುತ್ತಾರೆ. ಹಸಿವಿನ ಹಾರ್ಮೋನಾದ ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಆ ಮೇಲ್ಭಾಗದಲ್ಲಿ. ಆದ್ದರಿಂದ ಮೊದಲ ವರ್ಷ ಹಸಿವೇ ಕಾಣದಂತಿರುತ್ತದೆ. ಉಳಿದ ಕೊಳವೆ ವರ್ಷಗಳು ಕಳೆದಂತೆ ಸ್ವಲ್ಪ ಹಿಗ್ಗುವುದು ಸಹಜ, ಹಾಗೆ ಹಿಗ್ಗಿದ್ದು ಐದು ದಿನ ಸೂಪು ಕುಡಿದರೆ ಕುಗ್ಗುವುದಿಲ್ಲ. ಆ ಐದು ದಿನಗಳಲ್ಲಿ ತಕ್ಕಡಿಯಲ್ಲಿ ಎರಡು ಮೂರು ಕಿಲೋ ಕಡಿಮೆ ಕಾಣುವುದು ನಿಜ, ಆದರೆ ಅದರಲ್ಲಿ ಬಹುಪಾಲು ನೀರು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಗ್ಲೈಕೋಜನ್ ಖರ್ಚಾಗುವಾಗ, ಪ್ರತಿ ಗ್ರಾಂ ಗ್ಲೈಕೋಜನ್ನಿಗೆ ಅಂಟಿಕೊಂಡಿದ್ದ ಸುಮಾರು ಮೂರು ಗ್ರಾಂ ನೀರೂ ಹೊರಹೋಗುತ್ತದೆ. ಆರನೆಯ ದಿನ ಅನ್ನ ಉಂಡರೆ ಅದು ಹಿಂತಿರುಗುತ್ತದೆ. ಇಂಥ ಉಪಾಯಗಳಿಂದ ಒಂದು ಲಾಭವಿದೆ ಎಂದು ನ್ಯಾಯವಾಗಿ ಒಪ್ಪಬೇಕು: ಸಿಹಿ ಮತ್ತು ಕುರುಕಲಿನ ರೂಢಿ ಕೆಲದಿನ ಮುರಿಯುತ್ತದೆ. ಆದರೆ ನಿಮ್ಮ ಕಷ್ಟ ದ್ರವ ಮತ್ತು ಮೆತ್ತನೆಯ ಆಹಾರದಿಂದಲೇ ಶುರುವಾದದ್ದು. ಅದಕ್ಕೆ ಇನ್ನಷ್ಟು ದ್ರವವನ್ನೇ ಮದ್ದಾಗಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಊಟ ಹೆಚ್ಚಾಗಿಲ್ಲ ಎಂದು ನೀವು ಬರೆದದ್ದನ್ನು ನಾನು ನಂಬುತ್ತೇನೆ. ತಟ್ಟೆಯ ಅಳತೆ ಹೆಚ್ಚಾಗದೆಯೇ ತೂಕ ಏರುವ ಬಗೆ ಒಂದಿದೆ, ಮತ್ತು ಸ್ಲೀವ್ ಆದವರಲ್ಲಿ ನಾನು ಅದನ್ನು ಮತ್ತೆ ಮತ್ತೆ ಕಾಣುತ್ತೇನೆ. ಆ ಕಿರಿದಾದ ಕೊಳವೆ ತಡೆದು ನಿಲ್ಲಿಸುವುದು ಗಟ್ಟಿಯಾದ, ಅಗಿದು ನುಂಗಬೇಕಾದ ಆಹಾರವನ್ನು ಮಾತ್ರ. ರೊಟ್ಟಿ, ಕಾಳಿನ ಪಲ್ಯ, ಪನೀರು ಅಲ್ಲಿ ಹೊತ್ತು ನಿಂತು, ಸಾಕು ಎಂಬ ಸಂದೇಶವನ್ನು ಮೆದುಳಿಗೆ ಕಳಿಸುತ್ತವೆ. ಬಿಸ್ಕತ್ತು ಚಹಾದಲ್ಲಿ ಅದ್ದಿದೊಡನೆ ಗಂಜಿಯಾಗುತ್ತದೆ. ಸುಸಲಾ ಮೊದಲೇ ನೆನೆದ ಮಂಡಕ್ಕಿ. ಮೆತ್ತಗೆ ಬೆಂದ ಅನ್ನಕ್ಕೆ ತಿಳಿಸಾರು ಸುರಿದರೆ ಅದೂ ಹೆಚ್ಚು ಹೊತ್ತು ನಿಲ್ಲದು. ಇವು ಕೊಳವೆಯಲ್ಲಿ ತಂಗದೆ ಜಾರಿಹೋಗುವುದರಿಂದ ಒಂದು ಗಂಟೆಗೆಲ್ಲ ಮತ್ತೆ ಏನಾದರೂ ಬಾಯಿಗೆ ಬೇಕೆನಿಸುತ್ತದೆ. ಶಾಲೆಯ ಬಿಡುವಿನಲ್ಲಿ ಒಂದು ಚಹಾ, ಮನೆಗೆ ಬಂದೊಡನೆ ಒಂದು, ಅತಿಥಿಗಳು ಬಂದಾಗ ಒಂದು ಎಂದು ಎಣಿಸುತ್ತ ಹೋಗಿ: ಕಪ್ಪಿಗೆ ಎರಡು ಚಮಚ ಸಕ್ಕರೆಯೆಂದರೆ 10 ಗ್ರಾಂ, 40 ಕ್ಯಾಲೊರಿ, ದಿನಕ್ಕೆ ಆರು ಕಪ್ಪಾದರೆ ಸಕ್ಕರೆಯೊಂದರಿಂದಲೇ 240 ಕ್ಯಾಲೊರಿ, ಹಾಲಿನದು ಬೇರೆ.

ಈ ಅಂಕಿಯನ್ನು ನಿಮ್ಮ ತೂಕದ ಪಕ್ಕದಲ್ಲಿಟ್ಟು ನೋಡಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ಹದಿನೆಂಟು ತಿಂಗಳಲ್ಲಿ 15 ಕಿಲೋ ಸೇರಿದೆ ಎಂದರೆ ದಿನಕ್ಕೆ ಸರಾಸರಿ 210 ಕ್ಯಾಲೊರಿ ಉಳಿತಾಯವಾಗಿದೆ. ಲೆಕ್ಕ ಸ್ಥೂಲವಾದದ್ದು, ತೂಕ ಹೆಚ್ಚಿದಂತೆ ದೇಹದ ಖರ್ಚೂ ಹೆಚ್ಚುವುದರಿಂದ ನಿಜವಾದ ಹೆಚ್ಚಳ ಇದಕ್ಕಿಂತ ದೊಡ್ಡದೇ ಇರುತ್ತದೆ. ಆದರೂ ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದಾದ ವ್ಯತ್ಯಾಸ ಇಷ್ಟು ಮಾಡಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಇದರ ಜೊತೆಗೆ, 42 ಕಿಲೋ ಕಳೆದುಕೊಂಡ ದೇಹವು ಅದನ್ನು ಬರಗಾಲವೆಂದೇ ಬಗೆದು ವಿಶ್ರಾಂತಿಯಲ್ಲಿ ಸುಡುವ ಶಕ್ತಿಯನ್ನು ತಗ್ಗಿಸಿಕೊಂಡು, ಹಸಿವನ್ನು ನಿಧಾನಕ್ಕೆ ಮರಳಿ ತರುತ್ತದೆ. ಇದರಲ್ಲಿ ನಿಮ್ಮ ಮನೋಬಲದ ಕೊರತೆಯನ್ನು ಹುಡುಕುವ ಅಗತ್ಯವಿಲ್ಲ.

ಆಪರೇಷನ್ ವಿಫಲವಾಯಿತೇ ಎಂದು ನೀವು ಕೇಳಿಲ್ಲ, ಆದರೆ ನಾಚಿಕೆಯ ಮಾತಿನ ಹಿಂದೆ ಆ ಪ್ರಶ್ನೆ ಇದೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ, ಸ್ಥೂಲಕಾಯದವರನ್ನು ದೀರ್ಘಕಾಲ ಹಿಂಬಾಲಿಸಿದ ಹೆಸರಾಂತ ಅಧ್ಯಯನದಲ್ಲಿ, ಹೊಟ್ಟೆಯ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ನೇರವಾಗಿ ಜೋಡಿಸುವ) ಶಸ್ತ್ರಚಿಕಿತ್ಸೆ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ 32 ಶೇಕಡಾ ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಗಳ ಹೊತ್ತಿಗೆ ಆ ಇಳಿಕೆ 25 ಶೇಕಡಾಕ್ಕೆ ಬಂದಿತ್ತು. ಅಂದರೆ ಸ್ವಲ್ಪ ಮರಳಿ ಬರುವುದು ಚಿಕಿತ್ಸೆಯ ಸಹಜ ಗತಿಯೇ. ನಿಮ್ಮದು ಸ್ಲೀವ್ ಆದ್ದರಿಂದ ನೇರ ಹೋಲಿಕೆ ಸಲ್ಲದು, ಆದರೆ 118ರಲ್ಲಿ ಇಂದಿಗೂ 27 ಕಿಲೋ, ಅಂದರೆ ಸುಮಾರು 23 ಶೇಕಡಾ ಕಡಿಮೆಯೇ ಇದ್ದೀರಿ. ಕಳವಳಕ್ಕೆ ಕಾರಣವಾಗಬೇಕಾದದ್ದು ಏರಿಕೆಯ ವೇಗ ಮತ್ತು ಸಕ್ಕರೆಯ 118. ಖಾಲಿ ಹೊಟ್ಟೆಯಲ್ಲಿ 100ರಿಂದ 125ರವರೆಗಿನದು ಮಧುಮೇಹದ ಹೊಸ್ತಿಲು. ಈಗ ಎಚ್ಚೆತ್ತರೆ ಹಿಂದಕ್ಕೆ ಬರುವ ದಾರಿ ತೆರೆದೇ ಇದೆ.

ಆದ್ದರಿಂದ ಮೊದಲ ಕೆಲಸ ತಪಾಸಣೆ, ಆಹಾರದ ಮಾತು ಅದರ ನಂತರ. ರಕ್ತಕಣಗಳ ಎಣಿಕೆ, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಥೈರಾಯ್ಡಿನ ಟಿಎಸ್‌ಎಚ್, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಮೂರು ತಿಂಗಳ ಸರಾಸರಿ ಸಕ್ಕರೆ ಇವಿಷ್ಟು ಬೇಕು. ಇವಕ್ಕಾಗಿ ಹೈದರಾಬಾದಿನ ಬಸ್ಸು ಹತ್ತಬೇಕಾಗಿಲ್ಲ, ಎಲ್ಲವೂ ಕಲಬುರಗಿಯಲ್ಲಿ ಆಗುತ್ತವೆ. ಒಂದು ಸೂಕ್ಷ್ಮವನ್ನು ಗಮನದಲ್ಲಿಡಿ: ಕಬ್ಬಿಣದ ಕೊರತೆ ಇದ್ದಾಗ ಮೂರು ತಿಂಗಳ ಸರಾಸರಿಯ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಹಾಗಾಗಿ ಅದನ್ನೂ ಫೆರಿಟಿನ್ ವರದಿಯನ್ನೂ ಒಟ್ಟಿಗೆ ಓದಬೇಕು. ಎರಡು ವರ್ಷದಿಂದ ಎಲ್ಲಿಗೂ ಹೋಗಿಲ್ಲ ಎಂದರೆ ವಿಟಮಿನ್ ಮಾತ್ರೆಗಳೂ ನಿಂತಿರಬಹುದು ಎಂದು ನನ್ನ ಊಹೆ. ಸ್ಲೀವ್ ಆದವರಿಗೆ ಅವು ಜೀವಮಾನದ ಮಾತ್ರೆಗಳು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಇನ್ನೂ ಬೇಗ ಬರಿದಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ಎಂದೂ ನುಂಗಬೇಡಿ. ನಿದ್ರೆಗೆ, ಖಿನ್ನತೆಗೆ, ಮೈಗ್ರೇನಿಗೆ, ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಿಗಳೂ ತೂಕ ಏರಿಸುವುದರಿಂದ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು ಪುಡಿಯ ಪೊಟ್ಟಣದ ಜೊತೆಗೆ ಒಯ್ಯಿರಿ.

ರೊಟ್ಟಿ ಎದೆಯಲ್ಲಿ ಹಿಡಿಯುವುದನ್ನು ಎರಡು ಬಗೆಯಾಗಿ ನೋಡಬೇಕು. ಒಣಗಿದ ರೊಟ್ಟಿಯನ್ನು ಗಂಟೆ ಬಾರಿಸುವ ಮೊದಲು ಗಬಗಬ ನುಂಗಿದರೆ ಸ್ಲೀವ್ ಆದವರಿಗೆಲ್ಲ ಹಿಡಿಯುತ್ತದೆ, ಅದು ರೋಗವಲ್ಲ. ಆದರೆ ಮೆತ್ತನೆಯ ಅನ್ನವೂ ಹಿಡಿಯುತ್ತಿದ್ದರೆ, ರಾತ್ರಿ ಹುಳಿನೀರು ಗಂಟಲಿಗೆ ಬರುತ್ತಿದ್ದರೆ, ವಾಂತಿ ಪದೇ ಪದೇ ಆಗುತ್ತಿದ್ದರೆ ಕೊಳವೆ ಎಲ್ಲಾದರೂ ಕಿರಿದಾಗಿದೆಯೋ ತಿರುಚಿದೆಯೋ ಎಂದು ಎಂಡೋಸ್ಕೋಪಿಯಿಂದ ನೋಡಿಸಲೇಬೇಕು. ವಾಂತಿಯ ಜೊತೆಗೆ ಪಾದ ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ಒಂದು ವಸ್ತು ಎರಡಾಗಿ ಕಾಣುವುದು ಇವುಗಳಲ್ಲಿ ಒಂದು ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಆಪರೇಷನ್ ಆಗಿದೆ ಎಂದು ಹೇಳಿ. ಅದು ಥಯಮಿನ್ (ವಿಟಮಿನ್ ಬಿ1) ಕೊರತೆಯಾಗಿರಬಹುದು, ಚುಚ್ಚುಮದ್ದಿಗೆ ತಡವಾದರೆ ನರಗಳಿಗೆ ಆದ ಹಾನಿ ಉಳಿದುಬಿಡುತ್ತದೆ.

ಅಂಥದ್ದೇನೂ ಇಲ್ಲವೆಂದಾದ ಮೇಲೆ ತಟ್ಟೆಗೆ ಬರೋಣ. ನಿಮ್ಮ ದಿನದ ಪ್ರೋಟೀನ್ ಗುರಿ 60ರಿಂದ 80 ಗ್ರಾಂ. ಸಸ್ಯಾಹಾರದಲ್ಲಿ, ಅದೂ ಇಷ್ಟು ಚಿಕ್ಕ ಜಠರದಲ್ಲಿ, ಇದು ತಾನಾಗಿ ಆಗುವ ಕೆಲಸವಲ್ಲ, ಲೆಕ್ಕ ಹಾಕಿಯೇ ಮಾಡಬೇಕು. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಮನೆಮನೆಯಲ್ಲಿ ಬೇಳೆ ಬೇಯುತ್ತದೆ, ಆದರೆ ಅದು ತಟ್ಟೆಗೆ ಬರುವುದು ಹೆಚ್ಚಾಗಿ ತಿಳಿಸಾರಿನ ರೂಪದಲ್ಲಿ. 30 ಗ್ರಾಂ ಒಣಬೇಳೆಯಲ್ಲಿ ಆರೂವರೆ ಗ್ರಾಂ ಪ್ರೋಟೀನ್ ಇದೆ; ಅದನ್ನು ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಬೇಯಿಸಿ ಒಬ್ಬರೇ ತಿಂದರೆ ಅಷ್ಟು ಸಿಗುತ್ತದೆ, ಐದು ಜನರ ಸಾರಿಗೆ ಕರಗಿಸಿದರೆ ನಿಮ್ಮ ಪಾಲಿಗೆ ಬರುವುದು ಒಂದು ಗ್ರಾಮಿನಷ್ಟು. ಉಳಿದದ್ದನ್ನು ಹೀಗೆ ಕೂಡಿಸಿ ನೋಡಿ: 60 ಗ್ರಾಂ ಪನೀರಿನಲ್ಲಿ ಸುಮಾರು 11, ಒಣತೂಕದ 25 ಗ್ರಾಂ ಸೋಯಾ ತುಂಡುಗಳಲ್ಲಿ 13, ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 5, ಒಂದು ಲೋಟ ಹಾಲಿನಲ್ಲಿ 6, ಒಂದು ಹಿಡಿ ಹುರಿಗಡಲೆಯಲ್ಲಿ 6, ಮೊಳಕೆ ಬಂದ ಹೆಸರುಕಾಳಿನ ಉಸಳಿಯಲ್ಲಿ 7, ಒಂದು ಜೋಳದ ರೊಟ್ಟಿಯಲ್ಲಿ 4. ಬೇಳೆಯೂ ಸೇರಿ 60ರ ಅಂಚಿಗೆ ಬರುತ್ತೀರಿ. ಇಷ್ಟನ್ನು ತಿನ್ನಲಾಗದ ದಿನಗಳಲ್ಲಿ ಸಕ್ಕರೆಯಿಲ್ಲದ ವೇ ಪ್ರೋಟೀನ್ ಪುಡಿಯ ಒಂದು ಅಳತೆಯನ್ನು ಸೇರಿಸಿಕೊಳ್ಳಬಹುದು, ಮೂತ್ರಪಿಂಡದ ವರದಿ ಸರಿಯಿದೆ ಎಂದು ಖಚಿತವಾದ ಮೇಲೆ. ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಪ್ರೋಟೀನಿನ ಲೆಕ್ಕಕ್ಕೆ ಹಿಡಿಯಬೇಡಿ. ಶೇಂಗಾದಲ್ಲಿ ಪ್ರೋಟೀನ್ ಇದೆ, ಆದರೆ 100 ಗ್ರಾಮಿಗೆ 560ಕ್ಕೂ ಮೀರಿದ ಕ್ಯಾಲೊರಿಯೂ ಇದೆ, ಮತ್ತು ನಮ್ಮ ಕಡೆ ಹಿಂಡಿಯ ಮೇಲೆ ಎಣ್ಣೆ ಸುರಿಯದೆ ಉಣ್ಣುವವರು ಕಡಿಮೆ.

ಊಟದ ಕ್ರಮವನ್ನು ತಿರುವುಮುರುವು ಮಾಡಿ. ಮೊದಲು ಕಾಳು, ಪನೀರು ಅಥವಾ ಗಟ್ಟಿಬೇಳೆ. ಆಮೇಲೆ ಪುಂಡಿಪಲ್ಯ, ಮೆಂತ್ಯ, ಸೌತೆಕಾಯಿ. ಜಾಗ ಉಳಿದರೆ ಅರ್ಧ ರೊಟ್ಟಿ. ಆ ಅರ್ಧ ರೊಟ್ಟಿ ಬಿಸಿಯದಾಗಿರಲಿ, ಕಡಕ್ ರೊಟ್ಟಿ ಬೇಡ. ಪಲ್ಯದೊಡನೆ ಚಿಕ್ಕ ತುತ್ತು ಮಾಡಿ ಅದು ಬಾಯಲ್ಲಿಯೇ ನುಣ್ಣಗಾಗುವವರೆಗೆ ಅಗಿಯಿರಿ. ಊಟಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು, ಶಾಲೆಯ ಗಂಟೆ ಬಿಡದಿದ್ದರೆ ತುತ್ತುಗಳನ್ನು ಕಡಿಮೆ ಮಾಡಿ, ವೇಗವನ್ನು ಹೆಚ್ಚಿಸಬೇಡಿ. ಊಟದ ಜೊತೆಗೆ ನೀರು ಕುಡಿಯಬಾರದು, ಮುಗಿದು ಅರ್ಧ ಗಂಟೆಯಾದ ಮೇಲೆ ಕುಡಿಯಬೇಕು. ಈ ನಿಯಮ ಕಲಬುರಗಿಯ ಬೇಸಿಗೆಯಲ್ಲಿ ಎಷ್ಟು ಕಠಿಣವೆಂದು ನನಗೆ ಗೊತ್ತು. ಪಾದರಸ 42 ದಾಟಿದಾಗ ಬಾಯಾರಿಕೆಯನ್ನೇ ಹಸಿವೆಂದು ತಿಳಿದು ತಿನ್ನುವವರೂ, ಕಬ್ಬಿನ ಹಾಲು ಮತ್ತು ತಂಪು ಪಾನೀಯಗಳಿಗೆ ಕೈ ಚಾಚುವವರೂ ಬಹಳ. ಎರಡು ಊಟಗಳ ನಡುವಿನ ಹೊತ್ತಿನಲ್ಲಿ ಒಂದೂವರೆಯಿಂದ ಎರಡು ಲೀಟರ್ ನೀರನ್ನೋ ಉಪ್ಪು, ಜೀರಿಗೆ ಹಾಕಿದ ತೆಳು ಮಜ್ಜಿಗೆಯನ್ನೋ ಗುಟುಕು ಗುಟುಕಾಗಿ ಮುಗಿಸಿದರೆ ಆ ಸೆಳೆತ ಬಹುಮಟ್ಟಿಗೆ ತಗ್ಗುತ್ತದೆ. ಚಹಾ ಎರಡು ಕಪ್ಪು, ಸಕ್ಕರೆಯಿಲ್ಲದೆ, ಬಿಸ್ಕತ್ತಿಲ್ಲದೆ. ಇದನ್ನು ಬರೆಯುವುದು ಸುಲಭ, ಪಾಲಿಸುವುದು ಕಷ್ಟ; ಮೊದಲ ಹತ್ತು ದಿನ ಚಹಾ ಬಾಯಿಗೆ ಹತ್ತದು, ಆಮೇಲೆ ನಾಲಿಗೆ ಒಗ್ಗುತ್ತದೆ.

ಹಬ್ಬದ ಊಟವನ್ನು ಪೂರ್ತಿ ಬಿಡಿ ಎಂದು ನಾನು ಹೇಳುವವನಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಯಂಥ ಪಲ್ಯ, ತರಕಾರಿಯೂ ಹಸಿಕಾಳೂ ಕೂಡಿದ್ದರಿಂದ, ನಿಮಗೆ ವರ್ಷವಿಡೀ ಹೊಂದುವ ಊಟ. ಅದರ ಪಕ್ಕದ ಶೇಂಗಾ ಹೋಳಿಗೆಯಲ್ಲಿ ಕಾಲುಭಾಗ ತಿಂದು, ಬುತ್ತಿಯಲ್ಲಿ ಉಳಿದು ಮನೆಗೆ ಬಂದ ಹೋಳಿಗೆಗಳನ್ನು ಮರುದಿನ ಶಾಲೆಯ ಸಹೋದ್ಯೋಗಿಗಳಿಗೆ ಹಂಚಿ. ತೂಕ ಏರಿಸುವುದು ಹಬ್ಬದ ಒಂದು ದಿನಕ್ಕಿಂತ ಡಬ್ಬಿಯಲ್ಲಿ ಉಳಿದ ಮುಂದಿನ ಎಂಟು ದಿನ.

ಮೊಣಕಾಲು ನೋಯುವಾಗ ನಡೆಯಿರಿ ಎಂದರೆ ಸಿಟ್ಟು ಬರುತ್ತದೆ, ಆದ್ದರಿಂದ ಕುರ್ಚಿಯಿಂದ ಶುರುಮಾಡಿ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಕುಳಿತಲ್ಲಿಯೇ ಒಂದೊಂದು ಕಾಲನ್ನು ನೇರ ಚಾಚಿ ಐದೆಣಿಸುವವರೆಗೆ ಹಿಡಿಯುವುದು. ತೊಡೆಯ ಸ್ನಾಯು ಗಟ್ಟಿಯಾದಷ್ಟು ಮೊಣಕಾಲಿನ ಹೊರೆ ಇಳಿಯುತ್ತದೆ, ಮತ್ತು ಕುಳಿತಾಗಲೂ ಶಕ್ತಿ ಸುಡುವ ಅಂಗಾಂಶ ಸ್ನಾಯುವೇ. ಮೂರು ವಾರಗಳಾದ ಮೇಲೆ ಬಿಸಿಲೇರುವ ಮೊದಲು ಅಪ್ಪನ ಕೆರೆಯ ಬಳಿ ಹತ್ತು ನಿಮಿಷದಿಂದ ಆರಂಭಿಸಿ ವಾರಕ್ಕೆ 150 ನಿಮಿಷಕ್ಕೆ ಏರಿಸಿ. ನೋವಿಗೆ ಬೇಕಾದಾಗ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಆಗುತ್ತದೆ. ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಈ ಜಠರದಲ್ಲಿ ಹುಣ್ಣು ಮಾಡಬಲ್ಲವು.

ತೂಕ ಇಳಿಸುವ ಔಷಧಿಯ ಪ್ರಶ್ನೆ ನಾಳೆ ಬಂದೇ ಬರುತ್ತದೆ, ಏಕೆಂದರೆ 2025ರಿಂದ ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಬಂದ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ನಮ್ಮ ದೇಶದಲ್ಲಿ ದೊರೆಯುತ್ತಿವೆ. ಆಪರೇಷನ್ ನಂತರ ತೂಕ ಮರಳಿದವರಲ್ಲಿ ಅವು ಕೆಲಸ ಮಾಡುತ್ತವೆ, ನಾನು ಅವುಗಳ ವಿರೋಧಿಯಲ್ಲ. ಆದರೆ ಅವು ಹಸಿವನ್ನು ಇನ್ನಷ್ಟು ಕುಗ್ಗಿಸುವುದರಿಂದ, ಪ್ರೋಟೀನ್ ಮತ್ತು ವಿಟಮಿನ್ ಮೊದಲೇ ಕಡಿಮೆಯಿರುವವರು ಸ್ನಾಯುವನ್ನು ಕಳೆದುಕೊಳ್ಳುತ್ತಾರೆ. ನಿಲ್ಲಿಸಿದರೆ ತೂಕ ಮರಳುವುದೇ ಹೆಚ್ಚು. ಪ್ಯಾಂಕ್ರಿಯಾಸಿನ ಉರಿಯೂತ ಆಗಿದ್ದವರಿಗೆ, ಮನೆತನದಲ್ಲಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಇವು ತಕ್ಕವಲ್ಲ. ಮೂರು ತಿಂಗಳು ಮೇಲಿನ ಕ್ರಮ ನಡೆದು, ವರದಿಗಳು ಸರಿಯಾದ ಮೇಲೆ ಎಂಡೋಕ್ರೈನ್ (ಹಾರ್ಮೋನು) ತಜ್ಞರೊಡನೆ ಮಾತನಾಡುವ ವಿಷಯ ಅದು. ಸ್ಲೀವನ್ನು ಬೈಪಾಸ್ ಆಗಿ ಬದಲಿಸುವ ಎರಡನೆಯ ಶಸ್ತ್ರಚಿಕಿತ್ಸೆಯೂ ಇದೆ, ತೀವ್ರವಾದ ಹುಳಿತೇಗು ಮತ್ತು ತೂಕದ ಏರಿಕೆ ಎರಡೂ ಕೂಡಿದವರಿಗೆ ಅದರಿಂದ ನಿಜವಾದ ಉಪಯೋಗವಾಗುತ್ತದೆ. ಆದರೆ ಎರಡನೆಯದರಲ್ಲಿ ತೊಡಕುಗಳು ಮೊದಲನೆಯದಕ್ಕಿಂತ ಹೆಚ್ಚು. ಬಿಸ್ಕತ್ತು, ಸಿಹಿ ಚಹಾ ಬೈಪಾಸನ್ನೂ ಜಾರಿ ದಾಟುತ್ತವೆ.

ನಾಚಿಕೆಯ ವಿಷಯಕ್ಕೆ ಬಂದರೆ, ಶಸ್ತ್ರಚಿಕಿತ್ಸಕರಿಗೆ ತೂಕ ಮರಳಿದ ರೋಗಿ ಹೊಸತಲ್ಲ. ಬಾರದೆ ಉಳಿದವರ ಬಗ್ಗೆಯೇ ಅವರಿಗೆ ಚಿಂತೆ. ರಕ್ತದ ವರದಿಗಳನ್ನೂ ಹಳೆಯ ಡಿಸ್ಚಾರ್ಜ್ ಸಾರಾಂಶವನ್ನೂ ಫೋನಿನಲ್ಲಿ ಕಳಿಸಿ, ಮುಖ ತೋರಿಸುವುದು ಅದರ ನಂತರ. ಬೇಸರವಾದಾಗ, ಒಂಟಿಯಾಗಿದ್ದಾಗ, ಎಲ್ಲರೂ ಮಲಗಿದ ಮೇಲೆ ಕೈ ತಡೆಯದೆ ತಿನ್ನುವುದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅದು ಚಿಕಿತ್ಸೆ ಇರುವ ತೊಂದರೆ. ಮಾತನಾಡಲು ಯಾರೂ ಇಲ್ಲವೆನಿಸಿದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮರಳಿ 76ಕ್ಕೆ ಹೋಗಬೇಕೆಂಬ ಹಟ ಈಗ ಬೇಡ. ಮೊದಲ ಎರಡು ತಿಂಗಳಲ್ಲಿ ತೂಕ ಏರುವುದು ನಿಂತರೆ ಅದೇ ಫಲ. ಆರು ತಿಂಗಳಲ್ಲಿ ಐದಾರು ಕಿಲೋ ಇಳಿದು ಖಾಲಿ ಹೊಟ್ಟೆಯ ಸಕ್ಕರೆ 100ರ ಕೆಳಗೆ ಬಂದರೆ ಬಹಳ ಒಳ್ಳೆಯದು. ತೂಕವನ್ನು ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ ನೋಡಿ ಬರೆದಿಡಿ. ಅದೇ ವಹಿಯಲ್ಲಿ ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಗಂಟೆಯೊಡನೆ ಬರೆಯಿರಿ, ಮಗುವಿನ ತಟ್ಟೆಯಲ್ಲಿ ಉಳಿದ ತುತ್ತನ್ನೂ ಬಿಡದೆ. ಆ ವಹಿ, ಮೇಲಿನ ವರದಿಗಳು, ಪುಡಿಯ ಬಗ್ಗೆ ಫಿಜಿಶಿಯನ್ ಹೇಳಿದ್ದು ಈ ಮೂರನ್ನು ಜೊತೆಗಿಟ್ಟು ಮತ್ತೆ ಬರೆದರೆ, ಔಷಧಿಯ ಅಗತ್ಯವಿದೆಯೇ ಎಂಬುದನ್ನು ಆಗ ಖಚಿತವಾಗಿ ಹೇಳಬಲ್ಲೆ.